ಪತ್ರವಿಲ್ಲದ ಕೈಗಡ

ಸ್ನೇಹಿತರ ನಡುವೆ ಪತ್ರವಿಲ್ಲದೆ, ಸಾಕ್ಷಿಯಿಲ್ಲದೆ, ಬಡ್ಡಿಯ ಮಾತೂ ಇಲ್ಲದೆ ನಡೆಯುವ ಕೈಗಡವು ನಮ್ಮಲ್ಲಿ ಔದಾರ್ಯದ ಲಕ್ಷಣವೆಂದೇ ಪರಿಗಣಿತವಾಗಿದೆ. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಹಣ ಕೇಳಿಬಂದ ಗೆಳೆಯನಿಗೆ ‘ಒಂದು ಚೀಟಿ ಬರೆದುಕೊಡು’ ಎನ್ನುವುದು ಅವನ ಮಾನಕ್ಕೆ ಕುಂದು ತರುವ ನಡೆಯೆಂಬ ಭಾವನೆ ಬಲವಾಗಿ ಬೇರೂರಿದೆ. ಈ ರೂಢಿಯ ಹಿಂದಿರುವ ಸಹೃದಯತೆ ಗೌರವಾರ್ಹವೇ. ಆದರೂ, ಕೊಡುವ ದಿನ ನಮ್ಮ ಬಾಯಿ ಕಟ್ಟಿದ ದಾಕ್ಷಿಣ್ಯವೇ ಮುಂದೆ ಹಣಕ್ಕೂ ಸ್ನೇಹಕ್ಕೂ ಮುಳುವಾಗುತ್ತದೆಂದು ನಾನು ದೃಢವಾಗಿ ನಂಬಿದ್ದೇನೆ.

‘ಬರುವ ತಿಂಗಳು ನೋಡೋಣ’ ಎಂದವನು ಕ್ರಮೇಣ ಫೋನು ಎತ್ತುವುದನ್ನು ಬಿಡುತ್ತಾನೆ, ಸಂತೆಯಲ್ಲಿ ಕಂಡರೆ ಬೇರೆ ಸಾಲಿಗೆ ಸರಿಯುತ್ತಾನೆ. ಕೊಟ್ಟವನೋ, ಕೇಳಿದರೆ ಏನೆಂದುಕೊಂಡಾನೋ ಎಂದು ದಿನ ದೂಡುತ್ತಾನೆ. ಇಷ್ಟರಲ್ಲಿ 1963ರ ಕಾಲಮಿತಿ ಕಾಯಿದೆಯು ದಾವೆಗೆ ಕೊಟ್ಟಿರುವ ಮೂರು ವರ್ಷಗಳು ಸವೆಯುತ್ತಿರುತ್ತವೆ. ಕೇಳಿದಾಗ ಹಿಂದಿರುಗಿಸತಕ್ಕ ಸಾಲಕ್ಕೂ ಆ ಅವಧಿಯ ಗಣನೆ ಕೇಳಿದ ದಿನದಿಂದಲ್ಲ, ಹಣ ಕೊಟ್ಟ ದಿನದಿಂದಲೇ ಎಂಬುದನ್ನು ಬಹುಮಂದಿ ಅರಿಯುವುದು ವಕೀಲರ ಎದುರು ಕುಳಿತಾಗ. ಪ್ರೋನೋಟು ಬರೆಸಿಕೊಂಡವರೂ, ರೆವಿನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಹಾಯುವಂತೆ ಸಹಿ ಮಾಡಿಸದಿದ್ದರೆ, ಆ ಅಲ್ಪ ಲೋಪದಿಂದ ಇಡೀ ಪತ್ರವು ಸಾಕ್ಷ್ಯಕ್ಕೆ ಬಾರದಂತಾಗಿ ಕೈಚೆಲ್ಲಬೇಕಾಗುತ್ತದೆ.

ಇದಕ್ಕೆ ಪ್ರತಿಯಾಗಿ ಈಚೆಗೆ ಬಳಕೆಗೆ ಬಂದಿರುವುದು ಭದ್ರತೆಗೆಂದು ಸಹಿಮಾಡಿದ ಖಾಲಿ ಚೆಕ್ಕು ಇಟ್ಟುಕೊಳ್ಳುವ ಪದ್ಧತಿ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಗೆ 1988ರ ತಿದ್ದುಪಡಿಯಿಂದ ಸೇರಿದ 138ನೆಯ ಕಲಮಿನ ಪ್ರಕಾರ, ಹಣ ಸಾಲದೆ ಚೆಕ್ಕು ಹಿಂದಿರುಗಿದರೆ ಮೂವತ್ತು ದಿನಗಳೊಳಗೆ ನೋಟಿಸು ಕೊಡಬೇಕು. ನೋಟಿಸು ತಲುಪಿದ ಹದಿನೈದು ದಿನಗಳಲ್ಲಿ ಹಣ ಬಾರದಿದ್ದರೆ ಕ್ರಿಮಿನಲ್ ಮೊಕದ್ದಮೆ ಹೂಡಬಹುದು. ವರ್ತಕರ ವ್ಯವಹಾರಕ್ಕೆ ಇದು ಉಚಿತವಿರಬಹುದು. ಆದರೆ ಕಷ್ಟದಲ್ಲಿರುವ ಗೆಳೆಯನನ್ನು ಮೊದಲ ದಿನವೇ ಭಾವೀ ಆಪಾದಿತನನ್ನಾಗಿ ನಿಲ್ಲಿಸುವ ಈ ಕ್ರಮವು ನನಗೆ ಪತ್ರವಿಲ್ಲದ ಕೈಗಡಕ್ಕಿಂತಲೂ ಅನುಚಿತವಾಗಿ ಕಾಣುತ್ತದೆ.

ಉತ್ತಮವಾದ ದಾರಿ ಇವೆರಡರ ನಡುವಿನದು, ಮತ್ತು ಅದು ಮಾತಿನಿಂದಲೇ ಮೊದಲಾಗತಕ್ಕದ್ದು. ಅವಧಿ ಮೀರುವ ಮುನ್ನವೇ ಎದುರುಬದುರು ಕುಳಿತು, ಎಷ್ಟು ಬಾಕಿ, ತಿಂಗಳಿಗೆ ಎಷ್ಟು ಸಾಧ್ಯವೆಂದು ಅವನಿಂದಲೇ ಹೇಳಿಸಿ, ಅದನ್ನು ಬರೆದು ಅವನ ಸಹಿ ಪಡೆದರೆ, ಆ ಒಪ್ಪಿಗೆಯ ದಿನದಿಂದ ಮೂರು ವರ್ಷಗಳು ಹೊಸದಾಗಿ ಆರಂಭವಾಗುತ್ತವೆ. ಅವನು ಬರೆದು ಸಹಿಮಾಡಿ ಕೊಟ್ಟ ಒಂದೊಂದು ಕಂತಿಗೂ ಅದೇ ಫಲವುಂಟು. ಶಕ್ತಿಯಿದ್ದೂ ಸಹಿಗೆ ಒಲ್ಲೆನೆನ್ನುವವನಿಗೆ ನೋಟಿಸು ಕಳಿಸುವುದು ಮಿತ್ರದ್ರೋಹವಲ್ಲ. ಶಕ್ತಿಯಿಲ್ಲದೆಯೂ ಋಣವನ್ನು ಮರೆಯದವನ ವಿಷಯವೇ ಬೇರೆ: ವಾಯಿದೆ ಮೀರಿದ ಸಾಲವನ್ನೂ ತೀರಿಸುವೆನೆಂದು ಅವನು ಬರೆದು ಸಹಿಮಾಡಿದರೆ, 1872ರ ಕರಾರು ಕಾಯಿದೆಯ 25ನೆಯ ಕಲಮು ಆ ವಚನವನ್ನು ಇಂದಿಗೂ ಸಿಂಧುವೆಂದೇ ಮನ್ನಿಸುತ್ತದೆ.