ಧಾಟಿಗೆ ಸಿಕ್ಕ ಕವಿತೆ

ನಿಮ್ಮ ಮನೆಯಲ್ಲಿ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ಇದ್ದರೆ ದಯವಿಟ್ಟು ಅದನ್ನೊಮ್ಮೆ ತೆರೆಯಿರಿ. ಪರಿಚಿತವಾದ ಒಂದು ಪದ್ಯವನ್ನು ಆರಿಸಿಕೊಂಡು ಮೌನವಾಗಿ ಓದಲು ಪ್ರಯತ್ನಿಸಿ. ನೀವು ನಲವತ್ತು ದಾಟಿದವರಾಗಿದ್ದರೆ, ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಓದು ನಿಂತು ಹಾಡು ತೊಡಗಿರುತ್ತದೆ. ಅದೂ ನಿಮ್ಮ ಸ್ವಂತ ಧಾಟಿಯಲ್ಲಲ್ಲ, ಸಿ. ಅಶ್ವತ್ಥ್ ಅವರ ಧಾಟಿಯಲ್ಲಿ. 1942ರಲ್ಲಿ ಅಚ್ಚಾದ ಕವಿತೆಗಳ ಮೇಲೆ 1983ರ ಒಂದು ಧ್ವನಿಸುರುಳಿ ಇಂಥ ಒಡೆತನವನ್ನು ಸಾಧಿಸಿತಲ್ಲ, ಅದರಿಂದ ನಾವು ಪಡೆದುದೇನು, ಕಳೆದುಕೊಂಡುದೇನು ಎಂಬುದನ್ನು ನಿಮ್ಮೊಂದಿಗೆ ವಿಚಾರ ಮಾಡಬೇಕೆನಿಸಿದೆ.

ಕವಿತೆಯನ್ನು ಹಾಡುವ ಪದ್ಧತಿ ಎಂಬತ್ತರ ದಶಕದಲ್ಲಿ ಹುಟ್ಟಿದ್ದೇನಲ್ಲ. ಪಿ. ಕಾಳಿಂಗರಾಯರು (1914–1981) ಅದಕ್ಕೂ ಬಹಳ ಹಿಂದೆಯೇ ರಾಜರತ್ನಂ ಅವರ ‘ರತ್ನನ ಪದಗಳ’ನ್ನು ಊರೂರಿನ ವೇದಿಕೆಗಳಿಗೆ ಒಯ್ದಿದ್ದರು. ಆಕಾಶವಾಣಿಯೂ ತನ್ನ ಪಾಲಿನ ಕೆಲಸ ಮಾಡಿತ್ತು. ಆದರೆ ಆಕಾಶವಾಣಿ ತಾನು ಕೊಟ್ಟಾಗ ಮಾತ್ರ ನಾವು ಕೇಳಬೇಕಿತ್ತು. ಕ್ಯಾಸೆಟ್ ನಾವು ಬೇಕೆಂದಾಗಲೆಲ್ಲ ಹಾಡಿತು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ ಹೊರಬಂತು. ಭಾವಗೀತೆಗಳ ಮೊದಲ ಕನ್ನಡ ಧ್ವನಿಸುರುಳಿಯೆಂದು ಅದು ಹೆಸರಾಗಿದೆ. ಮುಂದಿನ ಹತ್ತು ವರ್ಷಗಳಲ್ಲಿ, ಕೊಲ್ಲಿ ದೇಶಗಳಿಂದ ಬಂದ ಬಂಧುಗಳು ತಂದ ಟೂ-ಇನ್-ಒನ್‌ಗಳು ಕರಾವಳಿಯ ಮನೆಗಳನ್ನು ಸೇರಿದಂತೆ, ಕವನ ಸಂಕಲನವನ್ನು ಎಂದೂ ಕೊಳ್ಳದ ಮನೆಗಳಲ್ಲಿ ಕವಿಗಳ ಮಾತು ಕೇಳಿಸತೊಡಗಿತು. ಈ ಉಪಕಾರವನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ನಾನೂ ಅದರ ಫಲಾನುಭವಿಯೇ.

ನಮ್ಮ ಸೆಮಿನರಿಯ ಮನರಂಜನಾ ಕೊಠಡಿಯಲ್ಲಿ ಒಂದು ಟೇಪ್ ರೆಕಾರ್ಡರ್ ಇತ್ತು. ಭಾನುವಾರ ಸಂಜೆ ಮಾತ್ರ ಅದರ ಬೀಗ ತೆರೆಯುತ್ತಿತ್ತು. ‘ಮೈಸೂರು ಮಲ್ಲಿಗೆ’ಯ ಸುರುಳಿ ಎಷ್ಟು ಸಲ ಸಿಕ್ಕಿಕೊಂಡಿತೋ, ಪೆನ್ಸಿಲ್ ತೂರಿಸಿ ನಾವು ಅದನ್ನು ಎಷ್ಟು ಸಲ ಸುತ್ತಿದೆವೋ ಲೆಕ್ಕವಿಲ್ಲ. ನಮಗೆ ಕನ್ನಡ ಕಲಿಸುತ್ತಿದ್ದ ಹಿರಿಯ ಗುರುಗಳು ಒಂದು ಸಂಜೆ ಒಳಗೆ ಬಂದು, ಹಾಡು ಮುಗಿಯುವ ತನಕ ನಿಂತು ಕೇಳಿ, ಯಂತ್ರವನ್ನು ನಿಲ್ಲಿಸಿ, ಬಳೆಗಾರ ಚೆನ್ನಯ್ಯನ ಪದ್ಯವನ್ನು ಪುಸ್ತಕದಿಂದ ಓದಿದರು. ರಾಗವಿಲ್ಲ, ತಾಳವಿಲ್ಲ. ಓದಿ ಮುಗಿಸಿ ಒಂದೇ ಪ್ರಶ್ನೆ ಕೇಳಿದರು: “ಈ ಮನೆಯ ಯಜಮಾನ ಏಕೆ ಒಂದು ಮಾತನ್ನೂ ಆಡುವುದಿಲ್ಲ?”

ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಆ ಪದ್ಯವನ್ನು ಬಾಯಿಪಾಠವಾಗಿ ಹಾಡಬಲ್ಲ ನಾವು ಅಂಥ ಯಜಮಾನನೊಬ್ಬ ಅದರಲ್ಲಿದ್ದಾನೆಂಬುದನ್ನೇ ಗಮನಿಸಿರಲಿಲ್ಲ. ಪದ್ಯವೆಲ್ಲವೂ ಬಾಗಿಲಲ್ಲಿ ನಿಂತ ಬಳೆಗಾರನ ಮಾತು. ತವರಿಗೆ ಹೋಗಿರುವ ಬಸುರಿ ಹೆಂಡತಿಯ ಸುದ್ದಿಯನ್ನು ಅವನು ಗಂಡನಿಗೆ ತಂದಿದ್ದಾನೆ. ಸ್ವಲ್ಪ ತಮಾಷೆ ಮಾಡುತ್ತಾನೆ, ಸಮಾಧಾನ ಹೇಳುತ್ತಾನೆ, ಕೋಪವೇಕೆಂಬ ಅವಳ ಅಳಲನ್ನು ತಲುಪಿಸುತ್ತಾನೆ. ಗಂಡನಿಗೆ ಮಾವನ ಮೇಲೆ ಮುನಿಸಿದೆ. ಗಂಡನ ಮೌನ ಹೊಸ್ತಿಲಲ್ಲಿ ಭಾರವಾಗಿ ನಿಂತಿದೆ. ಒಂದು ಚರಣ ಮುಗಿದು ಇನ್ನೊಂದು ತೊಡಗುವ ನಡುವಿನ ಬಿಳಿಯ ಜಾಗದಲ್ಲಿ ಆ ಮೌನವಿದೆ. ಹಾಡಿನಲ್ಲಿ ಆ ಜಾಗವನ್ನೇ ವಾದ್ಯಗಳು ತುಂಬಿಬಿಡುತ್ತವೆ.

ಇದು ಅಶ್ವತ್ಥರ ತಪ್ಪೆಂದು ನಾನು ಹೇಳಲಾರೆ. ಗೀತೆಯ ಕಟ್ಟಡವೇ ಹಾಗೆ. ಪಲ್ಲವಿ ಮರಳಿ ಬರಬೇಕು, ಚರಣಗಳು ಬಹುಮಟ್ಟಿಗೆ ಒಂದೇ ಧಾಟಿಯಲ್ಲಿ ಸಾಗಬೇಕು, ನಡುವೆ ವಾದ್ಯಗಳಿಗೆ ಅವಕಾಶ ಬೇಕು. ಕವಿತೆಯಾದರೋ ಮೂರನೆಯ ಪದ್ಯಕ್ಕೆ ಬರುವಾಗ ಮೊದಲನೆಯದರ ಭಾವದಲ್ಲಿ ಇರುವುದಿಲ್ಲ. ಸಮರ್ಥ ಗಾಯಕನು ಕಂಠದ ಏರಿಳಿತದಿಂದ ಈ ಕೊರತೆಯನ್ನು ಒಂದಷ್ಟು ನೀಗಿಸಬಲ್ಲ. ಅಶ್ವತ್ಥರು ಅಂಥ ಸಮರ್ಥರು. ರಂಗಭೂಮಿಯ ನಂಟಿದ್ದ ಅವರು ಮಾತನ್ನು ಎತ್ತಿ ಎಸೆಯುತ್ತಿದ್ದರು, ಒತ್ತಿ ಹಿಡಿಯುತ್ತಿದ್ದರು. ಅನಂತಸ್ವಾಮಿಯವರದು ಬೇರೆಯೇ ದಾರಿ. ಅವರ ಸಂಯೋಜನೆಗಳು ಸಾಧಾರಣ ಕಂಠಕ್ಕೂ ದಕ್ಕುತ್ತವೆ. ಶಾಲೆಯ ಮಕ್ಕಳು, ಅಡುಗೆಮನೆಯಲ್ಲಿ ದುಡಿಯುವ ತಾಯಂದಿರು ತಮ್ಮದಾಗಿಸಿಕೊಳ್ಳಬಲ್ಲರು. ಅಶ್ವತ್ಥರನ್ನು ಕೇಳಬೇಕು, ಅನಂತಸ್ವಾಮಿಯವರನ್ನು ಹಾಡಬೇಕು. ನನ್ನ ಒಲವು ಎರಡನೆಯವರ ಕಡೆಗೆ ಎಂಬುದನ್ನು ಮುಚ್ಚಿಡುವುದಿಲ್ಲ.

ಹಾಡಿನ ಈ ಅಪಾಯವನ್ನು ಸಂತ ಅಗಸ್ಟೀನರು ಬಲ್ಲವರಾಗಿದ್ದರು. ಹಾಡಿದ ವಿಷಯಕ್ಕಿಂತ ಹಾಡಿದ ಸೊಗಸೇ ತಮ್ಮನ್ನು ಹೆಚ್ಚು ಅಲುಗಿಸಿದಾಗ ಅದನ್ನು ತಪ್ಪೆಂದು ಭಾವಿಸುವುದಾಗಿ ಅವರು ‘ತಪ್ಪೊಪ್ಪಿಗೆಗಳು’ ಗ್ರಂಥದ ಹತ್ತನೆಯ ಭಾಗದಲ್ಲಿ ಬರೆದಿದ್ದಾರೆ. ಆದರೂ ಗಾಯನವನ್ನು ಅವರು ದೇವಾಲಯದಿಂದ ಹೊರಗೆ ಹಾಕಲಿಲ್ಲ. ಅವರ ಆ ತೊಳಲಾಟ ನನಗೆ ಪ್ರಿಯ.

ನನಗೆ ಹೆಚ್ಚು ಚಿಂತೆ ತರುವುದು ಬೇರೊಂದು ಸಂಗತಿ. ಧ್ವನಿಸುರುಳಿ ಕವಿತೆಗಳನ್ನು ಹಂಚಿದ್ದು ಮಾತ್ರವಲ್ಲ, ಆರಿಸಿತು ಕೂಡ. ಪ್ರಾಸ, ಲಯ, ಒಂದೇ ಭಾವದ ಹರಿವು ಇದ್ದವು ಒಳಗೆ ಬಂದವು. ಒರಟು ನಡೆಯ, ವ್ಯಂಗ್ಯದ, ಚಿಂತನೆಯ ಕವಿತೆಗಳು ಹೊರಗುಳಿದವು. ಗೋಪಾಲಕೃಷ್ಣ ಅಡಿಗರ (1918–1992) ಸ್ಥಿತಿಯನ್ನೇ ನೋಡಿ. ನವ್ಯಕಾವ್ಯಕ್ಕೆ ದಿಕ್ಕು ತೋರಿದ ಕವಿ ಅವರು, ‘ಭೂಮಿಗೀತ’ ಬರೆದವರು. ಜನಸಾಮಾನ್ಯರ ನೆನಪಿನಲ್ಲಿ ಉಳಿದಿರುವುದು ಮಾತ್ರ ಅವರು ನವ್ಯಕ್ಕೆ ಹೊರಳುವ ಮುನ್ನ ಬರೆದ ‘ಮೋಹನ ಮುರಳಿ’. 1996ರ ‘ಅಮೆರಿಕ ಅಮೆರಿಕ’ ಚಲನಚಿತ್ರವಂತೂ ಅದನ್ನು ಮನೆಮಾತಾಗಿಸಿತು. ಕವಿ ಯಾವ ದಾರಿಯನ್ನು ಬಿಟ್ಟು ಮುಂದೆ ಹೋದರೋ ಆ ದಾರಿಯಲ್ಲೇ ನಾವು ಅವರಿಗಾಗಿ ಕಾಯುತ್ತಾ ನಿಂತಿದ್ದೇವೆ.

ಶಿಶುನಾಳ ಷರೀಫರ (1819–1889) ವಿಷಯ ಇದಕ್ಕೆ ಹೊರತು. ಅವರ ತತ್ವಪದಗಳು ಹಾಡಾಗಿಯೇ ಹುಟ್ಟಿದವು, ಭಜನೆಯ ಮೇಳಗಳಲ್ಲಿ ಬಾಯಿಂದ ಬಾಯಿಗೆ ಸಾಗಿ ಬದುಕಿದವು. ಅಶ್ವತ್ಥ್ ಮತ್ತು ಶಿವಮೊಗ್ಗ ಸುಬ್ಬಣ್ಣನವರು ಹಾಡಿದಾಗ ಅವುಗಳ ಅರ್ಥ ಕುಗ್ಗಲಿಲ್ಲ. ಒಗಟು ಒಗಟಾಗಿಯೇ ಉಳಿಯಿತು. ವಕೀಲರಾಗಿದ್ದ ಸುಬ್ಬಣ್ಣನವರ (1938–2022) ಕಂಠದಲ್ಲಿ ಹಳ್ಳಿಯ ಬಯಲಿನ ಗಾಳಿಯಿತ್ತು. ಕಂಬಾರರ ‘ಕಾಡು ಕುದುರೆ’ ಚಿತ್ರದ ಗೀತೆಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದುದು ಅಚ್ಚರಿಯಲ್ಲ. ನಗರದ ಕೇಳುಗನಿಗೆ ಷರೀಫರ ಹೆಸರು ತಿಳಿದುದೇ ಈ ಸುರುಳಿಗಳಿಂದ, ಆಮೇಲೆ 1990ರ ನಾಗಾಭರಣರ ಚಿತ್ರದಿಂದ. ಇಲ್ಲಿ ನನಗೆ ಯಾವ ತಕರಾರೂ ಇಲ್ಲ.

ಮಾತಿನ ಮೇಲೆ ಧಾಟಿಗೆ ಎಂಥ ಹಿಡಿತವಿದೆಯೆಂಬುದಕ್ಕೆ ನಾಡಗೀತೆಯ ಪ್ರಸಂಗವೇ ಸಾಕು. ಕುವೆಂಪು ಅವರ ಪದಗಳ ಬಗ್ಗೆ ಜಗಳವಿರಲಿಲ್ಲ. ಅನಂತಸ್ವಾಮಿಯವರ ಧಾಟಿಯೋ ಅಶ್ವತ್ಥರ ಧಾಟಿಯೋ ಎಂಬ ವಿವಾದ ವರ್ಷಗಟ್ಟಲೆ ನಡೆಯಿತು. ಕೊನೆಗೆ 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ನಿಗದಿಪಡಿಸಿ, ಎರಡೂವರೆ ನಿಮಿಷಗಳ ಅವಧಿಯನ್ನೂ ಗೊತ್ತುಮಾಡಿ ಆದೇಶ ಹೊರಡಿಸಬೇಕಾಯಿತು. ಅಷ್ಟು ಹೊತ್ತಿಗೆ ಆ ಇಬ್ಬರೂ ತೀರಿಕೊಂಡಿದ್ದರು.

ಈಚೆಗೆ ಮನೆಭೇಟಿಗೆ ಹೋದಾಗ, ಕಾಲೇಜು ಓದುವ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಚೆನ್ನಯ್ಯನ ಹಾಡು ಕೇಳುತ್ತಿದ್ದಳು. ಸಂತೋಷವಾಯಿತು. “ಯಾರದಮ್ಮ ಇದು?” ಎಂದು ಕೇಳಿದೆ. “ಅಶ್ವತ್ಥ್ ಅವರದು, ಫಾದರ್” ಎಂದಳು. ಬಾಗಿಲ ಒಳಗೆ ಸುಮ್ಮನೆ ನಿಂತಿರುವ ಆ ಯಜಮಾನನ ಬಗ್ಗೆ ನಮ್ಮ ಗುರುಗಳು ಕೇಳಿದ ಪ್ರಶ್ನೆಯನ್ನೇ ಅವಳಿಗೂ ಕೇಳಿದೆ. ಅವಳು ಹಾಡನ್ನು ಮತ್ತೆ ಮೊದಲಿನಿಂದ ಹಾಕಿ, ಕಿವಿಗೊಟ್ಟು ಕೇಳಿ, “ಅಂಥವರು ಯಾರೂ ಇಲ್ಲವಲ್ಲ, ಫಾದರ್” ಎಂದಳು. ಪುಸ್ತಕ ಆ ಮನೆಯಲ್ಲಿರಲಿಲ್ಲ. ಮುಂದಿನ ಸಲ ಹೋಗುವಾಗ ನನ್ನ ಪ್ರತಿಯನ್ನೇ ಒಯ್ಯಬೇಕೆಂದು ಚೀಲದ ಬಳಿ ತೆಗೆದಿರಿಸಿದ್ದೇನೆ.