ಬೆಟಗೇರಿಯಲ್ಲೊಂದು ಹವಳದ ಬೇನೆ

ಲಕ್ಷ್ಮೇಶ್ವರದ ಮಿತ್ರರೊಬ್ಬರು, ತಮ್ಮ ಉಪ್ಪುನೀರಿನ ತೊಟ್ಟಿಯಲ್ಲಿರುವ ಲೆದರ್ ಕೋರಲ್ ಎಂಟು ದಿನಗಳಿಂದ ಮುಖ ಮುಚ್ಚಿಕೊಂಡಿದೆಯೆಂದೂ, ಮೈಮೇಲೆ ಮೇಣದಂತಹ ಪೊರೆ ಕಟ್ಟಿದೆಯೆಂದೂ ತಿಳಿಸಿ, ಯಾವ ಔಷಧವನ್ನು ಹಾಕತಕ್ಕದ್ದೆಂದು ಕೇಳಿದರು. ಏನನ್ನೂ ಹಾಕಬೇಡಿರೆಂದೆ. ಹಾವು ಪೊರೆ ಬಿಡುವಂತೆ ಈ ಮೃದುಹವಳವೂ ಆಗಾಗ ಮೇಲ್ಪದರವನ್ನು ಕಳಚಿ, ಅದರೊಡನೆ ಮೈಗಂಟಿದ ಪಾಚಿಯನ್ನೂ ಕಸವನ್ನೂ ನೀಗಿಕೊಳ್ಳುವುದು. ಪೊರೆಯನ್ನು ಕೊಚ್ಚಿಕೊಂಡು ಹೋಗುವಷ್ಟು ನೀರಿನ ಹರಿವಿದ್ದರೆ ಸಾಕು, ವಾರದಲ್ಲಿಯೋ ಎರಡು ವಾರಗಳಲ್ಲಿಯೋ ಅದು ತಾನಾಗಿಯೇ ಅರಳುವುದು.

ನಿಜವಾದ ಬೇನೆಯ ಲಕ್ಷಣವೇ ಬೇರೆ, ಅದನ್ನು ಈ ಬೇಸಿಗೆಯಲ್ಲಿ ಬೆಟಗೇರಿಯ ನನ್ನ ಮನೆಯಲ್ಲಿಯೇ ಕಂಡೆ. ಅಣಬೆಯಾಕಾರದ ನನ್ನ ಲೆದರ್ ಕೋರಲ್‌ನ ಕಾಂಡದ ಬುಡದಲ್ಲಿ ಎಂಟಾಣೆಯಗಲದ ಕಂದು ಮಚ್ಚೆ, ಮುಟ್ಟಿದರೆ ಕುಸಿಯುವ ಮಾಂಸ, ನೀರಿನಿಂದ ಮೇಲೆತ್ತಿದೊಡನೆ ಕೊಳೆತ ತತ್ತಿಯ ನಾತ. ಆರೋಗ್ಯದ ದಿನಗಳಲ್ಲಿ ಹೂಬಿಟ್ಟ ಜೋಳದ ತೆನೆಯಂತೆ ನವಿರಾಗಿ ಹರಡಿಕೊಳ್ಳುತ್ತಿದ್ದ, ಒಂದೊಂದಕ್ಕೂ ಎಂಟೆಂಟು ಗರಿತೋಳುಗಳುಳ್ಳ ಪಾಲಿಪ್‌ಗಳಲ್ಲಿ ಒಂದೂ ಹೊರಬಂದಿರಲಿಲ್ಲ.

ಕಾರಣವನ್ನು ಹುಡುಕಲು ದೂರ ಹೋಗಬೇಕಾಗಲಿಲ್ಲ. ನಮ್ಮ ಎರೆಭೂಮಿಯ ಸವಳು ನೀರನ್ನು ಕಂಡವರು, ಹೇಗೂ ಉಪ್ಪಾದ ನೀರು ಕಡಲಿನ ಜೀವಕ್ಕೆ ಒಗ್ಗಬಹುದೆಂದು ಭಾವಿಸುವುದುಂಟು. ಕಡಲಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣ, ಅದರಲ್ಲಿ ಬಹುಪಾಲು ಅಡಿಗೆಯ ಉಪ್ಪಿನದೇ ಅಂಶ. ಸವಳು ನೀರಿನ ಗಡಸುತನವಾದರೋ ಕ್ಯಾಲ್ಸಿಯಂ, ಮೆಗ್ನೀಸಿಯಂಗಳದು, ಜೊತೆಗೆ ಗೊಬ್ಬರ ಸುರಿದ ಹೊಲಗಳಿಂದಿಳಿದ ನೈಟ್ರೇಟ್, ಮುಂಡರಗಿಯ ಕಡೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಕೂಡ. ತೊಟ್ಟಿಯಿಂದ ಆವಿಯಾಗಿ ಹೋಗುವುದು ನೀರೊಂದೇ, ಲವಣವಲ್ಲ. ಆದುದರಿಂದ ಇಳಿದ ಮಟ್ಟವನ್ನು ತುಂಬುವ ನೀರು ಬರಿಯ ನೀರಾಗಿರತಕ್ಕದ್ದು. ನಾನು ಇಪ್ಪತ್ತು ಲೀಟರಿನ ಕ್ಯಾನುಗಳಲ್ಲಿ ತರುತ್ತಿದ್ದ ಕುಡಿಯುವ ನೀರನ್ನು ಶುದ್ಧವೆಂದು ನಂಬಿ, ಎರಡು ತಿಂಗಳು ಅಳೆಯದೆಯೇ ಸುರಿದೆ. ಕೊನೆಗೊಂದು ದಿನ ಟಿಡಿಎಸ್ ಮೀಟರನ್ನು ಅದ್ದಿದಾಗ 380 ತೋರಿಸಿತು. ಕುಡಿಯಲು ಏನೂ ತೊಂದರೆಯಿಲ್ಲದ ನೀರು. ಹವಳಕ್ಕೆ ಬೇಕಾದುದು ಸೊನ್ನೆ. ದಿನದಿನವೂ ಶೇಖರವಾದ ಈ ಭಾರದ ಮೇಲೆ ಏಪ್ರಿಲ್‌ನ ಉರಿಯೂ ಸೇರಿ, 26 ಡಿಗ್ರಿಯ ಆಸುಪಾಸಿನಲ್ಲಿರಬೇಕಾದ ನೀರು 31ಕ್ಕೇರಿತ್ತು. ಮೈಯೊಳಗೆ ಸೂಕ್ಷ್ಮ ಪಾಚಿಗಳಿಗೆ ಮನೆ ಕೊಟ್ಟು, ಅವು ಬೆಳಕಿನಿಂದ ಅಟ್ಟುಕೊಟ್ಟುದನ್ನುಂಡು ಬಾಳುವ ಪ್ರಾಣಿಯಿದು. ಅತಿತಾಪದಲ್ಲಿ ಆ ಸಹವಾಸವೇ ಮುರಿಯುವುದು.

ಕೊಳೆತ ಬುಡ ಮರಳಿ ಬಾರದು. ತೊಟ್ಟಿಯ ನೀರನ್ನೇ ಬಕೇಟಿಗೆ ತುಂಬಿಕೊಂಡು, ಕೈಗವಸು ತೊಟ್ಟು, ಹೊಸ ಬ್ಲೇಡಿನಿಂದ ಮಚ್ಚೆಯ ಮೇಲೆ ಒಂದು ಬೆರಳಿನಷ್ಟು ಆರೋಗ್ಯವಾದ ಮಾಂಸವನ್ನೂ ಸೇರಿಸಿ ಕತ್ತರಿಸಿದೆ. ಕೊಯ್ದ ಮುಖ ಬೆಳ್ಳಗೆ, ಬಿಗಿಯಾಗಿ ಕಂಡಿತೆಂದು ಸಮಾಧಾನವಾಯಿತು. ಹವಳಗಳಿಗೆಂದೇ ದೊರೆಯುವ ಅಯೋಡಿನ್ ದ್ರಾವಣದಲ್ಲಿ, ಬಾಟಲಿಯ ಮೇಲಿನ ಅಳತೆ ಮೀರದೆ ಅದ್ದಿ, ತೊಳೆದು, ಉಳಿದ ತಲೆಭಾಗವನ್ನು ಕಲ್ಲಿಗೆ ಕೂರಿಸಬೇಕಾಯಿತು. ಲೋಳೆ ಸುರಿಸುವ ಈ ಜೀವಿ ಯಾವ ಅಂಟಿಗೂ ನಿಲ್ಲದು. ದಾರ ಬಿಗಿಯುತ್ತಿದ್ದ ನನ್ನನ್ನು ನೋಡುತ್ತ ನಿಂತಿದ್ದ, ಮಗ್ಗದ ಮನೆಯ ನೆರೆಯಜ್ಜಿ, “ತಮ್ಮಾ, ಗಾಯಕ್ಕ ಅಷ್ಟ ಬಿಗಿದು ಕಟ್ಟಬಾರದಪಾ, ಕೊಯ್ದು ಬಿಡತೈತಿ” ಎಂದರು. ಸತ್ಯವಾದ ಮಾತು, ಬಿಗಿದ ದಾರ ಮೃದುಮಾಂಸವನ್ನು ಸೀಳಿಕೊಂಡು ಹೋಗುವುದು. ದಾರವನ್ನು ಬಿಚ್ಚಿ, ಸೊಳ್ಳೆಪರದೆಯ ತುಂಡನ್ನು ಸಡಿಲವಾಗಿ ಹೊದಿಸಿ ಕಲ್ಲಿನಡಿಯಲ್ಲಿ ಗಂಟು ಹಾಕಿದೆ. ಗಾಯಗೊಂಡ ಲೆದರ್ ಕೋರಲ್ ನೆರೆಯ ಜೀವಿಗಳಿಗೆ ಹಾನಿಕರವಾದ ರಸಗಳನ್ನು ನೀರಿಗೆ ಬಿಡುವುದರಿಂದ ಫಿಲ್ಟರಿನಲ್ಲಿ ಹೊಸ ಇದ್ದಿಲನ್ನೂ ತುಂಬಿದೆ.

ಅಂಗಡಿಯವರು ತೋರಿಸುವ ಕಲ್ಲುಹವಳಗಳನ್ನು, ಎಷ್ಟೇ ಚೆಲುವಾಗಿರಲಿ, ಮನೆಗೆ ತರಬೇಡಿರೆಂದು ಓದುಗರಲ್ಲಿ ವಿನಂತಿಸುವೆನು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಗೆ ಅವು 2001ರಲ್ಲಿ ಸೇರಿದುವು; ಹುಲಿಗಿರುವ ರಕ್ಷಣೆ ಅವಕ್ಕೂ ಇದೆ. ನೋಡುವ ಆಸೆಯಿದ್ದವರು ಮುರುಡೇಶ್ವರಕ್ಕೆ ಹೋಗಿ, ದೋಣಿಯಲ್ಲಿ ನೇತ್ರಾಣಿ ದ್ವೀಪವನ್ನು ಸೇರಿ, ಅವು ಹುಟ್ಟಿದಲ್ಲಿಯೇ ನೀರಿಗಿಳಿದು ನೋಡಬಹುದು.

ಈಗ ಪ್ರತಿ ಭಾನುವಾರ ತೊಟ್ಟಿಯ ಹತ್ತನೆಯ ಒಂದು ಪಾಲು ನೀರನ್ನು ತೆಗೆದು, ಮೀಟರು ಸೊನ್ನೆ ತೋರಿದ ಆರ್‌ಒ ನೀರಿಗೆ ಹಿಂದಿನ ದಿನವೇ ಕಡಲುಪ್ಪಿನ ಮಿಶ್ರಣವನ್ನು ಕಲಸಿಟ್ಟು, ಸಾಂದ್ರತೆ 1.025 ಬಂದ ಬಳಿಕವೇ ಸುರಿಯುತ್ತೇನೆ. ಹಗಲಲ್ಲಿ ನೀರಿನ ಮೇಲೆ ಸಣ್ಣ ಫ್ಯಾನು ತಿರುಗುತ್ತಿರುತ್ತದೆ. ಹದಿಮೂರನೆಯ ದಿನ ಪರದೆಯನ್ನು ಬಿಚ್ಚಿದಾಗ ಕಾಂಡವು ಕಲ್ಲನ್ನು ಹಿಡಿದುಕೊಂಡಿತ್ತು. ನಿನ್ನೆ ಸಂಜೆ ದೀಪ ಆರಿಸುವ ಮುಂಚೆ ನೋಡಿದರೆ, ತಲೆಯ ಒಂದಂಚಿನಲ್ಲಿ ಏಳೆಂಟು ಪಾಲಿಪ್‌ಗಳು ಹೊರಬಂದು ಹರಿವಿಗೆ ಓಲಾಡುತ್ತಿದ್ದುವು. ಅಜ್ಜಿಯನ್ನು ಕರೆದು ತೋರಿಸಿದೆ.