ಕೇಳದೆ ಕೊಯ್ದ ಮೈ

'ಈ ದೇಹ ನನ್ನದು, ಅದನ್ನು ತಿದ್ದುವ ಹಕ್ಕೂ ನನ್ನದು' ಎಂಬುದು ಅರಾಜಕತಾವಾದಿಗಳ ಹಳೆಯ ನಿಲುವು. ನಮ್ಮಲ್ಲಿ ಅರಾಜಕತೆ ಅಂದರೆ ದೊಂಬಿ ಅಂತಲೇ ಅರ್ಥ. ಅವರನ್ನು ಓದುವ ಮೊದಲೇ ಬಯ್ದು ಮುಗಿಸಿರುತ್ತೇವೆ. ನನಗೆ ಅವರ ಬಗ್ಗೆ ಗೌರವವಿದೆ, ತಕರಾರೂ ಇದೆ.

ಮೊದಲ ಮಹಾಯುದ್ಧದಲ್ಲಿ ಲಕ್ಷಾಂತರ ಗಂಡಸರನ್ನು ಕಳೆದುಕೊಂಡ ಫ್ರಾನ್ಸಿನ ಪ್ರಭುತ್ವಕ್ಕೆ ಮಕ್ಕಳು ಬೇಕಿದ್ದವು. 1920ರ ಕಾನೂನು ಗರ್ಭನಿರೋಧದ ಪ್ರಚಾರವನ್ನೇ ಅಪರಾಧ ಮಾಡಿತು. ಹೀಗಿರುವಾಗ 1935ರಲ್ಲಿ, ಬೋರ್ಡೋ ನಗರದಲ್ಲಿ, ನಾರ್ಬರ್ಟ್ ಬಾರ್ಟೋಸೆಕ್ ಎಂಬ ಆಸ್ಟ್ರಿಯಾದವನು ಅರಾಜಕತಾವಾದಿ ಸಂಗಾತಿಗಳ ಮನೆಯಲ್ಲಿ, ಕೇಳಿ ಬಂದ ಗಂಡಸರಿಗೆ ಗುಟ್ಟಾಗಿ ವ್ಯಾಸೆಕ್ಟಮಿ ಮಾಡಿದ. ಸಿಕ್ಕಿಬಿದ್ದರು, ಬಾರ್ಟೋಸೆಕ್ ಜೈಲಿಗೆ ಹೋದ. ಸೈನ್ಯಕ್ಕೂ ಕಾರ್ಖಾನೆಗೂ ಮಕ್ಕಳನ್ನು ಒದಗಿಸುವುದಿಲ್ಲ ಎಂಬ ನಿರಾಕರಣೆಯನ್ನು ಅವರು ತಮ್ಮ ಮೈಯಲ್ಲೇ ದಾಖಲಿಸಿದರು.

ಇದನ್ನು ಓದಿದಾಗ ನೆನಪಾದದ್ದು ನಮ್ಮ ಕೇರಿಯ ದೊಡ್ಡಪ್ಪ. ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ಕೂಲಿ ಮುಗಿಸಿ ಬರುತ್ತಿದ್ದವನನ್ನು ಜೀಪಿಗೆ ಹತ್ತಿಸಿಕೊಂಡು ಹೋದರು. "ಬೇಕಾ ಬ್ಯಾಡ್ವಾ ಅಂತ ಯಾರೂ ಕೇಳ್ನಿಲ್ಲ ಕಣ್ ಮಗ, ಹೆಬ್ಬೆಟ್ ಒತ್ತುಸ್ಕಂಡ್ರು ಅಷ್ಟೆ" ಅನ್ನುತ್ತಿದ್ದ. ಬೋರ್ಡೋದಲ್ಲಿ ಆದದ್ದೂ ಇದೇ ಆಪರೇಷನ್. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು; ಆ ಕಾಲದ 1774 ಸಾವುಗಳು ಷಾ ಆಯೋಗದ ವರದಿಯಲ್ಲಿವೆ. ಮೇಷ್ಟ್ರಿಗೂ ಗುಮಾಸ್ತನಿಗೂ ಇಷ್ಟು 'ಕೇಸು' ತರಬೇಕೆಂಬ ಕೋಟಾ. ಕೋಟಾ ತುಂಬಲು ಸುಲಭವಾಗಿ ಸಿಕ್ಕುವ ಮೈ ಯಾವುದು? ಹೊಲವಿಲ್ಲದ್ದು, ವಶೀಲಿಯಿಲ್ಲದ್ದು.

ತಂತ್ರಜ್ಞಾನವೇ ಯಜಮಾನಿಕೆ, ಅದನ್ನೇ ಬಿಟ್ಟುಬಿಡಿ ಅನ್ನುವ ಅರಾಜಕತಾವಾದಿಗಳೂ ಇದ್ದಾರೆ. ಹಾಗಿದ್ದರೆ ಕತ್ತರಿಯನ್ನು ಬಯ್ದು ಸುಮ್ಮನಾಗಬಹುದಿತ್ತು. ಆದರೆ 1938ರಲ್ಲಿ ಮುಂಬೈ ಶಾಸನಸಭೆಯಲ್ಲಿ ಪಿ.ಜೆ. ರೋಹಮ್ ಮಂಡಿಸಿದ ಗರ್ಭನಿರೋಧದ ಗೊತ್ತುವಳಿಯ ಹಿಂದೆ ಇದ್ದವರು ಬಾಬಾಸಾಹೇಬರು. ಜನಸಂಖ್ಯೆಯ ಲೆಕ್ಕಕ್ಕಲ್ಲ, ಹೆಣ್ಣಿನ ಬಿಡುಗಡೆಗೆ ಗರ್ಭನಿರೋಧ ಬೇಕು ಅಂದವರು ಪೆರಿಯಾರ್. ಇವರ್ಯಾರೂ ಉಪಕರಣಕ್ಕೆ ಹೆದರಲಿಲ್ಲ.

ನನ್ನ ತಕರಾರು ಬೇರೆ. ಅರಾಜಕತಾವಾದಿಗೆ ಮೈಯ ಮುಖ್ಯ ಶತ್ರು ಪ್ರಭುತ್ವ. ಕ್ರೊಪಾಟ್ಕಿನ್‌ಗೆ ಹಳ್ಳಿ ಸಮುದಾಯದಲ್ಲಿ ಪರಸ್ಪರ ಸಹಾಯ ಕಂಡಿತು. ಅಂಬೇಡ್ಕರ್‌ಗೆ ಅದೇ ಹಳ್ಳಿಯಲ್ಲಿ ಕಂಡದ್ದು ಬೇರೆ. ದೊಡ್ಡಪ್ಪನ ಮೈಯನ್ನು ಸರ್ಕಾರ ಮುಟ್ಟುವ ಮೊದಲೇ ಊರು ತಿದ್ದಿತ್ತು: ಗೌಡರ ಜಗಲಿ ಮುಂದೆ ಮೆಟ್ಟು ಕೈಯಲ್ಲಿ, ಬೆನ್ನು ಬಾಗಿ. ಆ ಬಾಗು ಯಾವ ಆಸ್ಪತ್ರೆಯಲ್ಲೂ ಆದದ್ದಲ್ಲ. 2017ರಲ್ಲಿ ಗುಜರಾತಿನ ಲಿಂಬೋದರದಲ್ಲಿ ಮೀಸೆ ಬಿಟ್ಟದ್ದಕ್ಕೆ ದಲಿತ ಯುವಕನಿಗೆ ಹೊಡೆದರು. ಮೀಸೆ ಬಿಡಬಾರದೆಂದು ಯಾವ ಸರ್ಕಾರ ಕಾನೂನು ಮಾಡಿತ್ತು ಸ್ವಾಮಿ? ಪೊಲೀಸರಿಲ್ಲದೆಯೂ ನಡೆಯುವ ಈ ಆಳ್ವಿಕೆಗೆ ಅರಾಜಕತಾವಾದದ ನಿಘಂಟಿನಲ್ಲಿ ಸರಿಯಾದ ಹೆಸರಿಲ್ಲ.

ನಮ್ಮ ನಿಘಂಟೂ ಪೂರ್ತಿಯಾಗಿಲ್ಲ. 1977ರ ಸೋಲಿನ ನಂತರ ಗಂಡಸರ ತಂಟೆಗೆ ಹೋಗಲು ರಾಜಕಾರಣಿಗಳು ಹೆದರಿದರು; ಕುಟುಂಬ ಯೋಜನೆಯ ಭಾರವೆಲ್ಲ ಹೆಂಗಸರ ಹೊಟ್ಟೆಗೆ ಬಿತ್ತು. ದಲಿತ ವಿಮರ್ಶೆ ಬಹುಮಟ್ಟಿಗೆ ಗಂಡಸಿನ ಅವಮಾನವನ್ನೇ ಓದುತ್ತಾ ಬಂದಿದೆ. ನಾನೂ ಇಲ್ಲಿ ದೊಡ್ಡಪ್ಪನ ಮಾತನ್ನೇ ಬರೆದೆ. 80ರ ದಶಕದಲ್ಲಿ ನಮ್ಮ ಚಿಕ್ಕಮ್ಮ ಒಂದು ಶಿಬಿರದಲ್ಲಿ ಆಪರೇಷನ್ ಆಗಿ, ನಾಲ್ಕನೇ ದಿನಕ್ಕೆ ಕಳೆ ಕೀಳಲು ಹೋದಳು. ಅವಳನ್ನು ಯಾರು ಒಪ್ಪಿಸಿದರು, ಏನೆಂದು ಹೇಳಿದ್ದರು ಅಂತ ನಾನು ಇವತ್ತಿನವರೆಗೂ ಕೇಳಿಲ್ಲ.